ಹಲ್ಲಿನ ಡಾಕ್ಟರ ಕೆಂಪು ಗಾಡಿ

ಭರಮಸಾಗರ ಹತ್ತಿರ ಬಂದರೆ ಸಾಕು
ಎರಡು ಸಲ ಮುಗ್ಗರಿಸಿ, ಒಮ್ಮೆ ಬಿಕ್ಕಿ
ನಿಂತೇಬಿಡುತ್ತದೆ.
ಎರಡೇ ಸೀಟು. ನನಗಿಂತ ಆರು ವರ್ಷಕ್ಕೆ ಚಿಕ್ಕದು.
ಡಾಕ್ಟರ್ ಪಂಪಾಪತಿಯವರ ಮೂರನೇ ಕೂಸು ಅಂತ
ಅವರ ಹೆಂಡತಿಯೇ ಅನ್ನುವುದು.

ಹುಬ್ಬಳ್ಳಿಯಲ್ಲಿ ಕಾಯಿಲ್ ಬದಲಾಯಿಸಿದರು,
ಹರಿಹರದಲ್ಲಿ ಪಾಯಿಂಟು, ಕಂಡೆನ್ಸರು,
ಇನ್ನೊಬ್ಬ ಬ್ಯಾಟರಿಯ ಮೇಲೆ ಹಾಕಿದ.
ಮಕ್ಕಳಾಗದ ಮನೆಯವರು ಊರೂರ ದೇವರಿಗೆ
ಹರಕೆ ಹೊತ್ತಂತೆ.
ಕೊನೆಗೆ ಹಳೇ ಪಿ.ಬಿ. ರಸ್ತೆಯ ನನ್ನ ಶೆಡ್ಡಿಗೆ
ಮೂಗಿಗೆ ಹಗ್ಗ ಹಾಕಿಸಿಕೊಂಡು ಬಂತು,
ಹಿಂದೆ ಮಂಡಕ್ಕಿ ಭಟ್ಟಿಯ ಹುಡುಗರ ಕೇಕೆ
(ಹಾಗಂತ ಹೇಳಿದ್ದು ಮುಬೀನಾ).

ನನಗೆ ಕಿವಿ ಮಂದ, ಹೇಳಿಬಿಡುತ್ತೇನೆ.
ಹದಿನೇಳು ವರ್ಷ ಹತ್ತಿ ಗಿರಣಿಯಲ್ಲಿ
ಮಗ್ಗಗಳ ನಡುವೆ ನಿಂತವನು.
ಗಿರಣಿ ಮುಚ್ಚಿದ ದಿನ ಅವೆಲ್ಲ ಸುಮ್ಮನಾದವು,
ತಲೆಯೊಳಗಿನವು ಇನ್ನೂ ಆಗಿಲ್ಲ.
ಎಂಜಿನ್ನಿನ ಮಾತು ನನಗೆ ಅಂಗೈಯಲ್ಲಿ ತಿಳಿಯುತ್ತದೆ.
ಅಂಗೈಗೆ ತಿಳಿಯದ್ದಕ್ಕೆ ಈ ಹುಡುಗಿ ಇದ್ದಾಳೆ,
ಐಟಿಐ ಎರಡನೇ ವರ್ಷ.

ನಾಲ್ಕೂ ಪ್ಲಗ್ ಬಿಚ್ಚಿ
ಹಳೇ ಪೇಪರಿನ ಮೇಲೆ ಸಾಲಾಗಿ ಇಟ್ಟೆ.
ಡಾಕ್ಟರು ಬಗ್ಗಿ ನೋಡಿದರು, ಅಭ್ಯಾಸಬಲ.
ಹುಳುಕಿಲ್ಲ, ಮಸಿಯಿಲ್ಲ, ಎಣ್ಣೆಯಿಲ್ಲ,
ಬರೀ ಸುಣ್ಣದ ಬಿಳುಪು.
‘ಇದು ಹಸಿವಿನ ಬಣ್ಣ ಸಾರ್.’
‘ಟ್ಯಾಂಕ್ ತುಂಬಾ ಪೆಟ್ರೋಲ್ ಐತಲ್ರೀ!’
ಐತಿ. ಕಣಜ ತುಂಬಿದ ಮನೆಯಲ್ಲೂ
ಉಪವಾಸ ಮಲಗಿದವರನ್ನು ಕಂಡಿದ್ದೇನೆ.

ಪ್ಲಗ್ಗನ್ನು ಮೈಗೆ ತಾಗಿಸಿ ಹಿಡಿದು, ಸೆಲ್ಫ್ ಹೊಡಿ ಅಂದೆ.
ನೀಲಿ ಕಿಡಿ. ಅರ್ಧ ಅದಕ್ಕೆ, ಅರ್ಧ ನನ್ನ ಮೊಣಕೈಗೆ.
ಕಾರ್ಬೊರೇಟರ್ ಇಳಿಸಿದೆ, ಬಟ್ಟಲ ತಳದಲ್ಲಿ
ಎಳ್ಳಿನಷ್ಟು ತುಕ್ಕು ಸಿಕ್ಕಿತು.
‘ಇದೇ ಕಳ್ಳ’ ಅಂತ ಎದೆಯುಬ್ಬಿಸಿ ಡಾಕ್ಟರ ಅಂಗೈಗೆ ಹಾಕಿದೆ.
ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ಮರುದಿನ ಭರಮಸಾಗರ.
ಮುಗ್ಗರಿಸಿತು, ಬಿಕ್ಕಿತು, ನಿಂತಿತು.
ನನ್ನ ಮುಖ ಯಾರೂ ನೋಡಲಿಲ್ಲ, ಪುಣ್ಯ.
ಜೋಳದ ಹೊಲ, ಲಾರಿಗಳ ಬಿಸಿಗಾಳಿ,
ದೂರದ ದಿಬ್ಬದ ಮೇಲೆ ಗಾಳಿಯಂತ್ರಗಳು
ಅವಸರವಿಲ್ಲದೆ ತಿರುಗುತ್ತಿದ್ದವು.
ಸ್ಕೂಟಿಯಲ್ಲಿ ಹಿಂದೆ ಬಂದ ಮುಬೀನಾ
ಡಿಕ್ಕಿಯೊಳಗೆ ತಲೆ ತೂರಿಸಿ ಪಂಪಿಗೆ ಕಿವಿಯಿಟ್ಟಳು,
ಬೆರಳಲ್ಲಿ ನನ್ನ ತೋಳಿನ ಮೇಲೆ ತಾಳ ಹಾಕಿದಳು:
ಟಿಕ್. ಟಿಕ್.
ಟಿಕ್.
ಆಮೇಲೆ ಬೆರಳು ಮೇಲೇಳಲಿಲ್ಲ.

‘ಇಪ್ಪತ್ತು ನಿಮಿಷ ಬಿಟ್ಟರೆ ತಾನೇ ಹೊರಡ್ತದೆ’ ಅಂದರು ಡಾಕ್ಟರು.
ಬಿಡಲಿಲ್ಲ ನಾನು. ಟ್ಯಾಂಕಿನ ಮುಚ್ಚಳ ತಿರುಗಿಸಿದೆ.
ಮುಬೀನಾ ಬೆಚ್ಚಿ ಹಿಂದೆ ಸರಿದಳು.
ನನಗೆ ಕೇಳಿಸಲಿಲ್ಲ. ಆದರೆ ಮುಂಗೈಯ ಕೂದಲು ಬಾಗಿದವು
ಟ್ಯಾಂಕಿನ ಬಾಯಿಯ ಕಡೆಗೆ;
ಅಂಚಿನ ಧೂಳು ಒಳಕ್ಕೆ ಓಡಿತು,
ನೀರಿಂದ ಮೇಲೆದ್ದವನು ಸೆಳೆದುಕೊಳ್ಳುವ
ಮೊದಲ ಉಸಿರಿನ ಹಾಗೆ.

‘ಮುಚ್ಚಳ ಯಾವಾಗಿಂದು?’
‘ಹೋದ ಯುಗಾದಿಗೆ ತರಿಸಿದ್ದು. ಬೀಗ ಇದೆ. ಹಳೇದು ಸೋರ್ತಿತ್ತು.’
ಸೋರಲಿಲ್ಲ ಸಾರ್, ಉಸಿರಾಡುತ್ತಿತ್ತು.
ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಡವೆ?
ಕ್ರೋಮಿನ ಹೊಳಪಿನಲ್ಲಿ ನಮ್ಮ ಮೂವರ ಮೂತಿ ಕಾಣುತ್ತಿತ್ತು,
ಸೂಜಿಮೊನೆಯಷ್ಟು ತೂತಿರಲಿಲ್ಲ.

ನನ್ನ ಡ್ರಿಲ್ ಬಿಟ್ಟು ಅದಕ್ಕೆ ದಪ್ಪ.
ಡಾಕ್ಟರು ಒಂದು ಗಳಿಗೆ ಯೋಚಿಸಿ
ಹೊಂಡದ ಸರ್ಕಲ್ಲಿನ ತಮ್ಮ ಕ್ಲಿನಿಕ್ಕಿಗೇ ಕರೆದೊಯ್ದರು.
ಇದ್ದುದರಲ್ಲಿ ಸಣ್ಣ ಮೊನೆ ಹಾಕಿ
ಮುಚ್ಚಳವನ್ನು ದವಡೆಯಂತೆ ಹಿಡಿದು ಕೊರೆದರು.
ಹೊರಗೆ ಬೆಂಚಿನ ಮೇಲಿದ್ದ ನಾಲ್ವರ ಕೈ
ಒಟ್ಟಿಗೆ ಕೆನ್ನೆಗೆ ಹೋದವು.
ಒಬ್ಬ ಚಪ್ಪಲಿ ಮೆಟ್ಟಿ ಹೊರಟೇಹೋದ.
ನಾನು ಮಾತ್ರ ಆರಾಮಾಗಿ
ಬೆಳ್ಳಿಪುಡಿ ಉದುರುವುದನ್ನು ನೋಡುತ್ತ ಕೂತೆ.

ಭಾನುವಾರ ಫೋನ್. ಮುಬೀನಾ ತೆಗೆದಳು.
‘ಮತ್ತೆ ನಿಂತಿದೆಯಂತೆ ಮೇಸ್ತ್ರಿ.’
ಎಲ್ಲಿ ಕೇಳು.
‘ದುರ್ಗದ ಕೋಟೆ ಕಾಣ್ತಾ ಇದೆಯಂತೆ.’
ಅಂದರೆ ಭರಮಸಾಗರ ದಾಟಿದೆ!
ಪೆಟ್ರೋಲ್ ಹಾಕಿಸಿದ್ದರಾ, ಕೇಳು.
ಕೇಳಿದಳು.
ಅವಳ ಮುಖ ನೋಡುತ್ತ ನಿಂತೆ:
ತುಟಿ ಕಚ್ಚಿಕೊಂಡ ಆ ಮುಖದಲ್ಲಿ
ಆ ಕಡೆಯ ಮೌನ
ನನಗೂ ಚೆನ್ನಾಗಿಯೇ ಕೇಳಿಸಿತು.